ಕಣ್ಣಿನ ಅಕ್ಕೋರು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. ಸಿಂಧನೂರಿನ ಮೇ ತಿಂಗಳಲ್ಲಿ, ತಗಡಿನ ಬಾಗಿಲು ಮುಟ್ಟಿದರೆ ಕೈ ಚುರುಕ್ಕೆನ್ನುವ ಹೊತ್ತಿನಲ್ಲೂ, ಆ ಬೆರಳು ಆಗಷ್ಟೇ ಮಣ್ಣಿನ ಹರವಿಯ ನೀರಿನಿಂದ ತೆಗೆದಂತೆ ಇರುತ್ತಿತ್ತು. ಉಗುರನ್ನು ಮಾಂಸಕ್ಕೆ ತಾಗುವಷ್ಟು ಸಣ್ಣದಾಗಿ ಕತ್ತರಿಸಿಕೊಳ್ಳುತ್ತಿದ್ದರು. ಬಂದವರನ್ನು ಬೆಳಕಿಗೆ ತಿರುಗಿಸಿ ಕೂರಿಸಿ, ಆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಎತ್ತಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟಿದ್ದ ಸಣ್ಣ ಬ್ಯಾಟರಿಯ ಬೆಳಕು ಬಿಡುತ್ತಿದ್ದರು. ಎಷ್ಟೋ ಮುದುಕರು ಬೆರಳು ತಾಗಿದ ಕೂಡಲೇ "ತಂಪಾತವ್ವಾ" ಎಂದು ಉಸಿರು ಬಿಡುತ್ತಿದ್ದರು. ಅವರಿಗೆ ಅದೇ ಔಷಧಿ ಎನಿಸುತ್ತಿತ್ತೋ ಏನೋ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರು ಶಾಲೆ ಕಲಿಸಿದವರಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಣ್ಣು ತಪಾಸಣೆ ಮಾಡಿಕೊಂಡೇ ಮುಪ್ಪಾಗಿ, ನಿವೃತ್ತರಾಗಿ, ಆಮೇಲೆ ಒಂದು ಧರ್ಮದ ಆಸ್ಪತ್ರೆಯ ಶಿಬಿರಗಳಿಗಾಗಿ ಹಳ್ಳಿ ಸುತ್ತುತ್ತಿದ್ದರು. ಯಾರಾದರೂ ಡಾಕ್ಟರ್ ಎಂದರೆ ಅಲ್ಲೇ ತಡೆದು "ಡಾಕ್ಟರ್ ಅಲ್ರಿ, ಕಣ್ಣು ನೋಡಾಕಿ" ಎಂದು ತಿದ್ದುತ್ತಿದ್ದರು. ಹಾಗಾಗಿ ಜನ ಡಾಕ್ಟರನ್ನು ಬಿಟ್ಟು ಅಕ್ಕೋರನ್ನು ಹಿಡಿದರು.

ಅವರು ನಮ್ಮ ಮನೆಯ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದದ್ದು ನಾನು ಸಿನಿಮಾ ಶಾಲೆಯ ಸಂದರ್ಶನ ಮುಗಿಸಿ ಬಂದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆಯಲ್ಲಿ. ಟ್ರಂಕು ಮೇಲಕ್ಕೆ ಸಾಗಿಸಿಕೊಟ್ಟ ನನ್ನನ್ನು ಕಿಟಕಿಯ ಕಡೆ ತಿರುಗಿಸಿ, ಕೇಳದೆ ಹೇಳದೆ ರೆಪ್ಪೆ ಎತ್ತಿ ನೋಡಿದರು.

"ಏನ್ ಮಾಡ್ತಿ ತಮ್ಮಾ?"

"ಸಿನಿಮಾ ನೋಡ್ತೀನ್ರಿ."

"ಅದು ಕಾಣಾಕತ್ತೈತಿ," ಎಂದು ರೆಪ್ಪೆ ಬಿಟ್ಟರು.

ಬಿ.ಎ. ಮುಗಿದಿತ್ತು. ಅಪ್ಪನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಅಲ್ಲಿ ಬಂದು ಕೂರು ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಂಗಡಿಯಲ್ಲಿ ಎರಡನೆಯ ಸ್ಟೂಲು ತಂದು ಹಾಕಿದ್ದರು. ಜೂನ್‌ನಲ್ಲಿ ಬರಬೇಕಿದ್ದ ಫಲಿತಾಂಶ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ನಾನು ಆ ದಿನಗಳಲ್ಲಿ ಕನಸಿನಂತಹ ಸಿನಿಮಾಗಳನ್ನು ಮಾತ್ರ ನೋಡುತ್ತಿದ್ದೆ. ಮುಂದಿನದು ಹಿಂದಿನದಕ್ಕೆ ಹೊಂದದ, ಮನುಷ್ಯರು ಗೋಡೆಯೊಳಗಿಂದ ಬರುವ, ಕೊನೆಗೆ ಏನಾಯಿತೆಂದು ಯಾರಿಗೂ ತಿಳಿಯದ ಸಿನಿಮಾಗಳು. ಒಂದೊಂದಕ್ಕೂ ಅರ್ಥ ಬರೆದು ಎರಡು ದಪ್ಪ ನೋಟುಬುಕ್ ತುಂಬಿಸಿದ್ದೆ. ನೀರು ಬಂದರೆ ತಾಯಿ, ಬಾಗಿಲು ಬಂದರೆ ಸಾವು, ಗಡಿಯಾರ ಬಂದರೆ ಕಾಲ. ಆ ನೋಟುಬುಕ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಮಾನವಿತ್ತು.

ಅಕ್ಕೋರಿಗೆ ಬಸ್ಸು ಸರಿಹೊಂದುತ್ತಿರಲಿಲ್ಲ. ನನ್ನ ಬಳಿ ಬೈಕಿತ್ತು, ಕೆಲಸವಿರಲಿಲ್ಲ. ಅಮ್ಮನೇ ಇಬ್ಬರನ್ನೂ ಜೋಡಿಸಿದಳು. ವಾರಕ್ಕೆ ಎರಡು ಮೂರು ದಿನ ಬಳಗಾನೂರು, ಗೊರೇಬಾಳ, ದಢೇಸುಗೂರು ಅಂತ ತಿರುಗಾಟ ಶುರುವಾಯಿತು. ಕಣ್ಣು ಪರೀಕ್ಷಿಸುವ ಪಟವನ್ನು ಸುರುಳಿ ಸುತ್ತಿ ಒಂದು ಪಿವಿಸಿ ಪೈಪಿನೊಳಗೆ ಇಟ್ಟಿದ್ದರು. ಬೈಕಿನ ಮೇಲೆ ಒಂದು ಬದಿಗೆ ಕಾಲು ಬಿಟ್ಟು ಕೂತು ಆ ಪೈಪನ್ನು ಬಂದೂಕಿನಂತೆ ಅಡ್ಡ ಹಿಡಿಯುತ್ತಿದ್ದರು. ಗಾಂಧಿ ಸರ್ಕಲ್ಲಿನಲ್ಲಿ ಅದು ಎಷ್ಟು ಜನರಿಗೆ ತಿವಿದಿದೆಯೋ ಲೆಕ್ಕವಿಲ್ಲ. ತಿವಿಸಿಕೊಂಡವರು ಬೈಯುತ್ತಿದ್ದದ್ದು ನನಗೆ.

ಶಿಬಿರ ಎಂದರೆ ಶಾಲೆಯ ಪಡಸಾಲೆ. ಓದು ಬಾರದವರಿಗಾಗಿ ಅವರ ಪಟದಲ್ಲಿ ಒಂದೇ ಗುರುತು ಇತ್ತು, ಮೂರು ಕಾಲಿನ ಬಾಚಣಿಕೆಯಂಥದ್ದು. ಕಾಲುಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಎಡಕ್ಕೆ, ಬಲಕ್ಕೆ. ದೂರ ಅಳೆಯಲು ಎರಡೂ ತುದಿಗೆ ಗಂಟು ಹಾಕಿದ ನೈಲಾನ್ ಹಗ್ಗವಿತ್ತು. ಆ ತುದಿಯಲ್ಲಿ ನಿಂತವರು ಒಂದು ಕಣ್ಣು ಮುಚ್ಚಿ, ಕಾಲು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು.

ಜನ ಸುಳ್ಳು ಹೇಳುತ್ತಾರೆ ಎಂಬುದನ್ನು ನಾನು ಅಲ್ಲಿ ಕಲಿತೆ. ಕೆಲವರು ಆಪರೇಷನ್ನಿಗೆ ಹೆದರಿ ಕಾಣದ್ದನ್ನೂ ಕಂಡಿತು ಎನ್ನುತ್ತಾರೆ. ಕೆಲವರಿಗೆ ಸುಳ್ಳು ಹೇಳುವ ಮನಸ್ಸೇ ಇರುವುದಿಲ್ಲ. ಕಾಣದ ಕಡೆ ಊಹೆ ತಾನಾಗಿ ಬಂದು ಕೂರುತ್ತದೆ. ಬಳಗಾನೂರಿನಲ್ಲಿ ಹಿರಿಯರೊಬ್ಬರು ಸಾಲಿನಲ್ಲಿ ನಿಂತಾಗಲೇ ಮುಂದಿನವರ ಕೈ ನೋಡಿ ಕ್ರಮವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅವರ ಸರದಿ ಬಂದಾಗ ಅಕ್ಕೋರು ಸದ್ದಿಲ್ಲದೆ ಪಟವನ್ನು ತಲೆಕೆಳಗೆ ಮಾಡಿ ಹಿಡಿದರು. ಹಿರಿಯರು ಮೇಲೆ, ಬಲ, ಕೆಳಗೆ ಎಂದು ಹಳೆಯದನ್ನೇ ಪಟಪಟ ಒಪ್ಪಿಸಿದರು.

"ಬಾಯಿಪಾಠ ಚಲೋ ಐತ್ರಿ," ಎಂದರು ಅಕ್ಕೋರು. "ಈಗ ಕಣ್ಣು ನೋಡೂಣು."

ಪಟದ ಎದುರು ನಿಂತ ಪ್ರತಿಯೊಬ್ಬರಿಗೂ ಅವರು ಹೇಳುತ್ತಿದ್ದ ಮಾತು ಒಂದೇ. "ಕಂಡದ್ದು ಹೇಳ್ರಿ, ತಿಳದದ್ದು ಬ್ಯಾಡ." ಸಾಬರ ಓಣಿಯ ಹೆಂಗಸರು ಬಂದರೆ ಅದನ್ನೇ ಅವರ ಉರ್ದುವಿನಲ್ಲಿ "ದಿಕ್ತಾ ಸೊ ಬೋಲೋ, ಸಮ್ಜೇ ಸೊ ನಕ್ಕೋ" ಎನ್ನುತ್ತಿದ್ದರು. ಕಾಲುವೆ ಕಡೆಯ ಆಂಧ್ರದವರ ಕ್ಯಾಂಪುಗಳಲ್ಲಿ ಅದೇ ಮಾತು ತೆಲುಗಿನಲ್ಲಿ. ಮೂರೂ ಭಾಷೆಯಲ್ಲಿ ದನಿ ಮಾತ್ರ ಬದಲಾಗುತ್ತಿರಲಿಲ್ಲ.

ಒಂದು ದಿನ ಬಳಗಾನೂರಿನಿಂದ ಬಂದು ಅವರ ಕೋಣೆಯಲ್ಲಿ ಚಾ ಕುಡಿಯುವಾಗ ನನ್ನ ಸಂದರ್ಶನದ ಕತೆ ಹೇಳಿದೆ. ಅಲ್ಲಿ ಒಂದು ಸಣ್ಣ ಸಿನಿಮಾ ತೋರಿಸಿದ್ದರು. ಕನಸಿನಂಥದ್ದೇ. ಅದರ ಮೇಲೆ ನಾನು ಬಹಳ ಹೊತ್ತು ಮಾತಾಡಿದ್ದೆ. ಒಂಟಿತನ, ಬರದೆ ಉಳಿದವರ ನೆನಪು, ಹಸಿವು ಎಂದರೆ ನಿಜವಾಗಿ ಏನು. ಐದು ಜನ ಪರೀಕ್ಷಕರು ನನ್ನನ್ನು ತಡೆಯದೆ ಕೇಳಿದ್ದರು.

"ಅದರಾಗ ಏನಿತ್ತು?" ಎಂದರು ಅಕ್ಕೋರು.

"ಹೇಳಿದ್ನೆಲ್ರಿ, ಒಂಟಿತನ."

"ಅದು ನೀ ಹೇಳಿದ್ದು. ಸಿನಿಮಾದಾಗ ಏನಿತ್ತು?"

ದೊಡ್ಡದೊಂದು ಊಟದ ಹಾಲ್, ಎಂದೆ. ಉದ್ದಕ್ಕೆ ಹಾಸಿದ ಎಲೆಗಳು. ಒಬ್ಬ ಹೆಂಗಸು ಖಾಲಿ ಪಾತ್ರೆಯಿಂದ ಬಡಿಸುತ್ತಾ ಹೋಗುತ್ತಾಳೆ.

"ಎಲಿ ಮುಂದ ಯಾರರ ಕೂತಿದ್ರೇನು?"

ನನಗೆ ನೆನಪಾಗಲಿಲ್ಲ. ಕೂತಿರಲಿಲ್ಲ ಎಂದುಕೊಂಡೇ ಅಷ್ಟೆಲ್ಲ ಮಾತಾಡಿದ್ದೆ. ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ ಒಂದು ಕಡೆ ಯಾರದೋ ಮೊಣಕಾಲು ಕಂಡಂತಿತ್ತು, ಅಥವಾ ಅದು ಕಂಬದ ನೆರಳು. ಪರೀಕ್ಷಕರಲ್ಲಿ ವಯಸ್ಸಾದ ಒಬ್ಬರು ಕೊನೆಗೆ "ಆ ಹಾಲ್‌ನಲ್ಲಿ ಎಷ್ಟು ಜನರಿದ್ದರು?" ಎಂದು ಕೇಳಿದ್ದೂ, ನಾನು ಅದನ್ನು ತಾತ್ವಿಕ ಪ್ರಶ್ನೆ ಎಂದು ತಿಳಿದು "ಎಲ್ಲರೂ ಇದ್ದರು, ಯಾರೂ ಇರಲಿಲ್ಲ" ಎಂದು ಉತ್ತರಿಸಿದ್ದೂ ಆಗ ನೆನಪಿಗೆ ಬಂತು. ಚಾ ಅಲ್ಲಿಯೇ ಆರಿತು. ಅಲ್ಲಿಯವರೆಗೆ ನಾನು ಆಯ್ಕೆಯ ಸುದ್ದಿ ಬರುವುದಕ್ಕಾಗಿ ಕಾಯುತ್ತಿದ್ದೆ. ಅಂದಿನಿಂದ ಅದು ಬರದೆ ಇರಬಹುದು ಎಂಬ ಅಂಜಿಕೆಯಲ್ಲೂ ಕಾಯತೊಡಗಿದೆ.

ಆಮೇಲೆ ಮಧ್ಯಾಹ್ನಗಳಲ್ಲಿ ಅವರೂ ನನ್ನ ಜೊತೆ ಸಿನಿಮಾ ನೋಡತೊಡಗಿದರು. ಮಂಚದ ಮೇಲೆ ಕಾಲು ಮಡಿಸಿ ಕೂತು, ಶೇಂಗಾ ಸುಲಿಯುತ್ತಾ, ಸ್ಟೂಲಿನ ಮೇಲಿಟ್ಟ ನನ್ನ ಲ್ಯಾಪ್‌ಟಾಪ್ ನೋಡುವರು. ಅವರು ಸಿನಿಮಾದ ಭಕ್ತೆಯೇನೂ ಆಗಲಿಲ್ಲ. ಎಷ್ಟೋ ಸಲ ಅರ್ಧಕ್ಕೆ ನಿದ್ದೆ ಹೋಗಿ ಗೊರಕೆ ಹೊಡೆದಿದ್ದಾರೆ. ಎಚ್ಚರ ಇದ್ದಷ್ಟು ಹೊತ್ತು ಮಾತ್ರ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಂದು ಸಿನಿಮಾದಲ್ಲಿ ಹುಡುಗನೊಬ್ಬ ಬಾಗಿಲೊಂದನ್ನು ಬೆನ್ನ ಮೇಲೆ ಹೊತ್ತು ಮರಳಿನಲ್ಲಿ ನಡೆಯುತ್ತಾನೆ. ಅದರ ಮೇಲೆ ನಾನು ನಾಲ್ಕು ಪುಟ ಬರೆದಿದ್ದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿ, "ಚಪ್ಪಲಿ ಎಡಬಲ ಅದಲುಬದಲು ಹಾಕ್ಯಾನ," ಎಂದರು. ಹಿಂದಕ್ಕೆ ಹೋಗಿ ನೋಡಿದೆ. ಹೌದು.

"ಹಂಗಂದ್ರ ಏನ್ರಿ ಅರ್ಥ?"

"ನನಗೇನ್ ಗೊತ್ತು. ಅವಸರದಾಗ ಹೊಂಟಾನ ಅನಸ್ತೈತಿ." ಮತ್ತೊಂದು ಶೇಂಗಾ ಸುಲಿದು, "ಇಲ್ಲಂದ್ರ ಬ್ಯಾರೆ ಯಾರದೋ ಚಪ್ಪಲಿ."

ನಾಲ್ಕು ಪುಟದಲ್ಲಿ ಹುಡುಗನ ಕಾಲಿನ ಸುದ್ದಿಯೇ ಇರಲಿಲ್ಲ.

ತಮ್ಮ ವಿಷಯ ಅವರು ಹೇಳುತ್ತಿದ್ದದ್ದು ಕಡಿಮೆ. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಮಸ್ಕಿ. ಲಿಂಗಸುಗೂರಿನಲ್ಲಿ ತಮ್ಮನ ಮನೆ. ಒಮ್ಮೆ ಅಲ್ಲಿಗೆ ಅವರನ್ನು ಬಿಡಲು ಹೋಗುವಾಗ ಮಸ್ಕಿಯ ಗುಡ್ಡ ದಾಟುತ್ತಲೇ ಬೆನ್ನ ಹಿಂದಿನಿಂದ ತಾವಾಗಿ ಮಾತು ತೆಗೆದರು. ಅವರ ತಾಯಿಗೆ ಕಣ್ಣು ಹೋಗಿ ಎರಡು ವರ್ಷ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಆಕೆ ಹೆಜ್ಜೆ ಎಣಿಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದಳು, ಬೆಂದ ವಾಸನೆಯ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದಳು. ಒಂದು ದಿನ ಯಾರೋ ಕೊಡ ಜಾಗ ಬದಲಿಸಿ ಇಟ್ಟಿದ್ದಕ್ಕೆ ಎಡವಿ ಬಿದ್ದಾಗ ಎಲ್ಲ ಹೊರಗೆ ಬಂತು.

"ಆಗ ನನಗ ಹದಿನೇಳು. ದಿನಾ ಆಕಿ ಮುಂದ ಕೂತು ಉಣತಿದ್ದೆ," ಎಂದರು. "ನೋಡಲಿಲ್ಲ ತಮ್ಮಾ. ಮನ್ಯಾಗಿದ್ದು ನೋಡಲಿಲ್ಲ."

ನಾನು ಕನ್ನಡಿಯಲ್ಲಿ ಅವರ ಮುಖ ನೋಡಲು ಯತ್ನಿಸಿದೆ. ಸೆರಗಿನ ತುದಿ ಮಾತ್ರ ಹಾರುತ್ತಿತ್ತು.

ಈಗ ಒಬ್ಬ ಅಜ್ಜಿಯ ಸಂಗತಿ. ಆಕೆ ಇಂದು ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಹಾಗೆಂದು ಮಾತು ಕೊಟ್ಟಿದ್ದೇನೆ.

ಭತ್ತದ ನಾಟಿಯ ದಿನಗಳು. ಊರಿನ ಮಂದಿಯೆಲ್ಲ ಕೆಸರಿನಲ್ಲಿದ್ದರು, ಶಿಬಿರಕ್ಕೆ ಮುದುಕರು ಮಾತ್ರ ಬಂದಿದ್ದರು. ಎಲ್ಲರೂ ಹೋದ ಮೇಲೆ ಉಳಿದವಳು ಆ ಅಜ್ಜಿ. ಎರಡೂ ಕಣ್ಣಿನ ಹಿಂದಿನ ಪರದೆ ಹಾಳಾಗಿತ್ತು. ಅದು ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ. ಅಕ್ಕೋರು ಅದನ್ನು ನಿಧಾನವಾಗಿ ತಿಳಿಸಿ ಹೇಳಿದರು. ಅಜ್ಜಿ ಏಳಲಿಲ್ಲ.

"ಮತ್ತೇನರ ಐತೇನ್ರಿ ಹೇಳೂದು?" ಎಂದರು ಅಕ್ಕೋರು.

ಅಜ್ಜಿ ಸುತ್ತ ಯಾರಿದ್ದಾರೆ ಎಂದು ಕಿವಿಯಿಂದ ನೋಡಿದಳು. ನಾನು ಗೋಡೆಯ ಪಕ್ಕ ಶಿಬಿರದ ರಿಜಿಸ್ಟರಿನ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಸದ್ದು ಮಾಡಲಿಲ್ಲ.

"ಮಧ್ಯಾಹ್ನ ಉಂಡು ಕೂತೆ ಅಂದ್ರ ಗೋಡಿ ಮ್ಯಾಲ ಮಂದಿ ಬರ್ತಾರವ್ವಾ," ಎಂದಳು. "ಗೇಣುದ್ದ ಮಂದಿ. ಹಸರು ರುಮಾಲು ಸುತ್ತಿರ್ತಾರ. ತಲಿ ಮ್ಯಾಲ ಗಂಟು ಹೊತಗೊಂಡು ಸಾಲು ಹಿಡದು ಹೊಕ್ಕಾರ."

ನಾನು ಫೋನನ್ನು ವಿಡಿಯೋಗೆ ಬದಲಿಸಿ ರಿಜಿಸ್ಟರಿಗೆ ಆನಿಸಿ ನಿಲ್ಲಿಸಿದೆ. ಯೋಚಿಸಿ ಮಾಡಿದ್ದಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಆಕೆಯ ಮುಖ ಚೌಕಟ್ಟಿನೊಳಗೆ ಸರಿಯಾಗಿ ಬಂದಿದೆಯೇ ಎಂದು ಒಮ್ಮೆ ಬಗ್ಗಿ ನೋಡಿದ್ದು ನೆನಪಿದೆ.

ಅಕ್ಕೋರು ನಗಲಿಲ್ಲ, ಗಾಬರಿಯಾಗಲಿಲ್ಲ. ಪಟದ ಮುಂದೆ ಕೇಳುವ ದನಿಯಲ್ಲೇ ಕೇಳಿದರು. "ಮಾತಾಡ್ತಾರೇನು?"

"ಇಲ್ಲ. ತುಟಿ ಸೈತ ಅಳ್ಳಾಡಂಗಿಲ್ಲ."

"ನಿಮ್ಮ ಕಡಿ ನೋಡ್ತಾರೇನು?"

"ಅವರ ಕೆಲಸ ಅವರಿಗೆ. ನನ್ನ ಕಡಿ ಯಾಕ ನೋಡ್ತಾರ."

"ಖರೇನ ಅದಾರ ಅನಸ್ತೈತೇನು?"

"ಇಲ್ಲಂತ ಗೊತ್ತೈತವ್ವಾ. ಎದ್ದು ಹೋಗಿ ಮುಟ್ಟಿದ್ರ ಬರೇ ಗೋಡಿ." ದನಿ ತಗ್ಗಿಸಿ, "ಒಮ್ಮೆ ಮಗನಿಗೆ ಹೇಳಿದ್ದೆ. ಗಾಳಿ ಬಡದೈತಿ ಅಂತ ತಾಯತ ಕಟ್ಟಿಸ್ಯಾನ. ಆವತ್ತಿಂದ ಯಾರಿಗೂ ಹೇಳಿಲ್ಲ."

ಅಕ್ಕೋರು ಆಕೆಯ ಕೈ ಹಿಡಿದುಕೊಂಡರು. "ಗಾಳಿ ಅಲ್ರಿ ಇದು. ಹುಚ್ಚೂ ಅಲ್ಲ. ಕಣ್ಣಿಗೆ ಹೊರಗಿಂದ ಏನೂ ಬರಲಿಲ್ಲಂದ್ರ ತಲಿ ಸುಮ್ನ ಕೂಡಂಗಿಲ್ಲ, ತಾನ ಚಿತ್ರಾ ತಗೀತೈತಿ. ಭಾಳ ಮಂದಿಗೆ ಹಿಂಗಾಗ್ತೈತಿ, ಅಂಜಿ ಹೇಳಂಗಿಲ್ಲ ಅಷ್ಟ. ದೊಡ್ಡ ಡಾಕ್ಟರಿಗೂ ಬರದು ಕೊಡ್ತೀನಿ, ಒಮ್ಮೆ ತೋರಸ್ರಿ."

ಅಜ್ಜಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು. "ಹಂಗಾರ ನಾ ಅವರನ್ನ ನೋಡಬಹುದೇನು?"

"ನೋಡ್ರಿ," ಎಂದರು ಅಕ್ಕೋರು.

ಆ ತಿಂಗಳ ಕೊನೆಗೆ ಫಲಿತಾಂಶ ಬಂತು. ಆಯ್ಕೆ ಪಟ್ಟಿಯಲ್ಲಿ ನಾನಿರಲಿಲ್ಲ, ಕಾಯುವ ಪಟ್ಟಿಯಲ್ಲಿ ಮೂರನೆಯವನಾಗಿದ್ದೆ. ಕಾಯುವ ಪಟ್ಟಿಯವರು ಹದಿನೈದು ದಿನದೊಳಗೆ ತಾವೇ ಮಾಡಿದ ಐದು ನಿಮಿಷದ ಚಿತ್ರವೊಂದನ್ನು ಕಳಿಸಬೇಕು, ಉಳಿದ ಜಾಗಗಳಿಗೆ ಅದರ ಮೇಲೆ ಆಯ್ಕೆ, ಎಂದು ಬರೆದಿತ್ತು. ನನ್ನ ಬಳಿ ಏನಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಐದು ದಿನದಲ್ಲಿ ಕೋಣೆ ಬಿಟ್ಟು ಹೊರಗೆ ಬಂದದ್ದು ಒಮ್ಮೆ ಮಾತ್ರ. ಬಣ್ಣ ತೆಗೆದೆ, ಆಕೆಯ ಮಾತುಗಳ ನಡುವೆ ಮೌನ ಹಿಗ್ಗಿಸಿದೆ, ಒಣಗಿದ ಜಾಲಿಯ ಮೇಲೆ ಕೂತ ಒಂದು ಕಾಗೆಯನ್ನು ಚಿತ್ರೀಕರಿಸಿ ತಂದು ಸೇರಿಸಿದೆ, ಕೆಳಗೆ ಪಿಟೀಲು ಹಾಕಿದೆ. ಚೆನ್ನಾಗಿ ಬಂದಿತ್ತು. ಇವತ್ತಿಗೂ ಹೇಳುತ್ತೇನೆ, ಚೆನ್ನಾಗಿಯೇ ಬಂದಿತ್ತು.

ಮೊದಲು ಅಕ್ಕೋರಿಗೆ ತೋರಿಸಬೇಕೆಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮಾಳಿಗೆ ಹತ್ತಿದೆ. ಅವರು ಎರಡು ನಿಮಿಷ ನೋಡಿ ಕೈ ಎತ್ತಿ ನಿಲ್ಲಿಸು ಎಂದರು.

"ಆಕಿಗೆ ಗೊತ್ತೈತೇನು?"

"ಇಲ್ರಿ. ಅಲ್ಲೇ ಇತ್ತು ಫೋನು, ಹಂಗ..."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ಮಗನಿಗೆ ಹೇಳದ ಮಾತು. ಆಕಿ ನನಗ ಹೇಳ್ಯಾಳ, ನಿನಗಲ್ಲ."

"ಊರಾಗ ಯಾರೂ ನೋಡಂಗಿಲ್ರಿ ಇದನ್ನ. ಅಲ್ಲಿ ನಾಕೈದು ಮಂದಿ ನೋಡ್ತಾರ, ಅಷ್ಟ."

"ಆ ನಾಕೈದು ಮಂದಿಗೆ ಆಕಿ ಹೇಳಿಲ್ಲ."

ನಾಲ್ಕು ತಿಂಗಳ ಕಾಯುವಿಕೆ ನನ್ನ ಬಾಯಿಗೆ ಬಂತು. "ನಿಮಗ ಸಿನಿಮಾ ಅಂದ್ರ ತಿಳಿಯಂಗಿಲ್ರಿ," ಎಂದೆ.

"ಖರೆ ಐತಿ," ಎಂದರು. "ತಿಳಿಯಂಗಿಲ್ಲ." ಅಷ್ಟು ಹೇಳಿ ಶೇಂಗಾದ ಮೊರ ಎಳೆದುಕೊಂಡರು. ನಾನು ಇಳಿದು ಬಂದೆ.

ಮೂರು ದಿನ ಅವರು ಬೈಕು ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಪೈಪು ಹಿಡಿದು ಓಣಿಯ ತುದಿಯಲ್ಲಿ ಆಟೋಕ್ಕೆ ನಿಲ್ಲುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ಎರಡನೆಯ ದಿನ ಆಟೋದಲ್ಲಿ ಜಾಗವಿಲ್ಲದೆ ಒಂದು ಹೋಯಿತು, ಇನ್ನೊಂದು ಹೋಯಿತು, ಅವರು ಬಿಸಿಲಿನಲ್ಲೇ ನಿಂತಿದ್ದರು. ಅಮ್ಮ "ಏನಾಗೈತಿ ನಿಮ್ಮಿಬ್ಬರಿಗೂ?" ಎಂದಳು. ಏನಿಲ್ಲ ಎಂದೆ. ನಾಲ್ಕನೆಯ ದಿನ ಮೆಟ್ಟಿಲ ಬಳಿ ಅವರನ್ನು ತಡೆದೆ.

"ಅಜ್ಜಿ ಊರಿಗೆ ಹೋಗೂಣ್ರಿ. ಕೇಳೂಣು."

"ನೀ ಹೋಗು. ನಾ ಬರಂಗಿಲ್ಲ. ನಾ ಬಂದ್ರ ಆಕಿ ನನ್ನ ಮಾರಿಗೆ ಹೂಂ ಅಂತಾಳ."

ಒಬ್ಬನೇ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಜೋಳದಲ್ಲಿನ ಹರಳು ಆರಿಸುತ್ತಿದ್ದಳು. ಕಣ್ಣು ಎತ್ತಲೋ ಇತ್ತು, ಬೆರಳೇ ಆರಿಸುತ್ತಿದ್ದವು. ಮನೆಯವರು ಗದ್ದೆಗೆ ಹೋಗಿದ್ದರು. ನಾನು ಅಕ್ಕೋರ ಜೊತೆ ಬಂದಿದ್ದವನು ಎಂದು ಹೇಳಿ, ಮಾಡಿದ್ದನ್ನು ಒಪ್ಪಿಸಿದೆ.

"ವಿಡಿಯೋ ತಗದಿಯಾ?" ಎಂದಳು. ಬೆರಳು ನಿಂತವು. "ಎಲ್ಲಿ, ತೋರ್ಸು." ಫೋನು ಹೊರಗೆ ತೆಗೆಯುವುದರೊಳಗೆ ತಾನೇ ಸಣ್ಣಗೆ ನಕ್ಕಳು. "ತೋರಿಸಿ ಏನ್ ಮಾಡ್ತಿ. ಹೇಳು. ಏನೇನೈತಿ ಅದರಾಗ?"

ನನ್ನ ಸಿನಿಮಾವನ್ನು ನಾನು ಬಾಯಿಂದ ಹೇಳತೊಡಗಿದೆ. ಅಂಥ ಕಷ್ಟದ ಕೆಲಸವನ್ನು ಆಮೇಲೆ ಯಾವ ತರಗತಿಯಲ್ಲೂ ಮಾಡಿಲ್ಲ. ಮೊದಲಿಗೆ ಒಂದು ಗೋಡೆ. ಯಾವ ಗೋಡೆ ಎಂದಳು. ಶಾಲೆಯದು, ಸುಣ್ಣ ಉದುರಿದ್ದು. ಬಣ್ಣ ತೆಗೆದಿದ್ದೇನೆ, ಎಲ್ಲ ಕಪ್ಪು ಬಿಳುಪು. ಆಮೇಲೆ ನಿಮ್ಮ ಕೈ. ಆಮೇಲೆ ಒಂದು ಕಾಗೆ.

"ಕಾಗಿ? ಸಾಲ್ಯಾಗ ಕಾಗಿ ಎಲ್ಲಿತ್ತು?"

"ಇರಲಿಲ್ಲ ಅಜ್ಜಿ. ನಾ ಹಾಕೀನಿ."

"ಯಾಕ?"

ನೋಟುಬುಕ್‌ನಲ್ಲಾದರೆ ಅದಕ್ಕೆ ಉತ್ತರವಿತ್ತು.

"ಹಾಡು ಐತೇನು?"

"ಪಿಟೀಲು ಐತಿ."

"ಅಳೂವಂಥಾದ್ದು?"

"ಹೂಂ."

ಅಜ್ಜಿ ತಲೆ ಅಲ್ಲಾಡಿಸಿದಳು. "ಅವರು ಬಂದ್ರ ನನಗ ಅಳು ಬರಂಗಿಲ್ಲ ಮಗಾ. ಹೊತ್ತು ಹೊಕ್ಕೈತಿ." ಮತ್ತೆ ಜೋಳಕ್ಕೆ ಕೈ ಹಾಕಿದಳು. "ಮೊಮ್ಮಗಳಿಗೆ ವರ ನೋಡಾಕತ್ಯಾರ. ಮುದುಕಿ ತಲಿ ಕೆಟ್ಟೈತಿ ಅಂತ ಸುದ್ದಿಯಾದ್ರ ಬಂದವರು ಬಾಗಲದಾಗಿಂದ ಹಿಂದ ಹೊಕ್ಕಾರ. ಅಳಿಸಿಬಿಡು."

ಅಲ್ಲೇ ಫೋನಿನಿಂದ ಅಳಿಸಿದೆ. "ಅಳಿಸಿದೆ ಅಜ್ಜಿ," ಎಂದೆ. ಆಕೆ "ಆತು" ಎಂದಳು. ನೋಡಿ ಖಾತ್ರಿ ಮಾಡಿಕೊಳ್ಳುವ ದಾರಿ ಆಕೆಗೆ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇದೆ ಎಂಬುದೂ ಆಕೆಗೆ ಗೊತ್ತಿರಲಿಲ್ಲ.

ಎದ್ದು ಹೊರಟಾಗ ಕರೆದಳು. "ಬಾಯಿಲೆ ಹೇಳೂದಿದ್ರ ದೂರದ ಮಂದಿಗೆ ಹೇಳು. ನಾ ಇರೂತನ ಈ ಕಡಿ ಹೇಳ್ಬ್ಯಾಡ. ಊರ ಹೆಸರು ಎಂದೂ ಹೇಳ್ಬ್ಯಾಡ. ಮತ್ತ ಅವರ ರುಮಾಲು ಹಸರು ಅಂತ ಹೇಳು. ನೀ ಬಣ್ಣ ತಗದೀನಿ ಅಂದೀಯಲ್ಲ."

ಕಾಲುವೆಯ ದಂಡೆಯಲ್ಲಿ ಬೈಕು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನು ಕಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದುಕೊಂಡು ನೇರ ಮಾಳಿಗೆಗೆ ಹೋದೆ.

"ಏನಂದ್ಲು?" ಎಂದರು ಅಕ್ಕೋರು.

ಹೇಳಿದೆ. ಕಾಗೆಯ ಸುದ್ದಿಗೆ ಅವರ ತುಟಿಯ ಒಂದು ಬದಿ ಸ್ವಲ್ಪ ಮೇಲೆ ಹೋಯಿತು. ಪ್ರತಿಯನ್ನು ಅಳಿಸುವುದನ್ನು ಅವರು ನೋಡಲೆಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಮುಖ ಆಚೆ ಮಾಡಿದರು.

"ನನಗ್ಯಾಕ ತೋರಸ್ತಿ?"

ಅವರು ಗೋಡೆ ನೋಡುತ್ತಾ ಕೂತಿದ್ದಾಗಲೇ ಅಳಿಸಿದೆ. ಆದದ್ದನ್ನು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. "ಊಟಾ ಆಗೈತೇನು?" ಎಂದು ಎದ್ದು, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಕೊಟ್ಟರು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲಿನಿಂದ ಕೂಗು ಬಂತು. "ತಮ್ಮಾ, ಬೈಕಿಗೆ ಪೆಟ್ರೋಲ್ ಐತೇನು?"

ಚಿತ್ರ ಕಳಿಸಬೇಕಿದ್ದ ಕೊನೆಯ ದಿನ ನಾನು ಸಿನಿಮಾ ಶಾಲೆಗೆ ಎರಡು ಪುಟ ಬರೆದು ಕಳಿಸಿದೆ. ಚಿತ್ರ ಇತ್ತು, ಈಗ ಇಲ್ಲ. ಅದರಲ್ಲಿ ಕಂಡದ್ದು ಇಷ್ಟು, ಅದರಲ್ಲಿ ನಾನು ಸೇರಿಸಿದ್ದು ಇಷ್ಟು, ಎಂದು. ಅರ್ಥ ಬರೆಯಲಿಲ್ಲ. ಹಸಿರು ರುಮಾಲು ಬರೆದೆ. ಉತ್ತರ ಹತ್ತು ದಿನಕ್ಕೆ ಬಂತು, ಒಂದೇ ಸಾಲು. ನಿಯಮದಂತೆ ಚಿತ್ರ ಸಲ್ಲಿಸದ ಕಾರಣ ಅರ್ಜಿ ಪರಿಗಣಿಸಲಾಗಿಲ್ಲ.

ಅಕ್ಕೋರಿಗೆ ಅದನ್ನು ಓದಿ ಹೇಳಿದೆ. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಕಾಣದ ಕಣ್ಣಿಗೆ ಕಾಣುತ್ತದೆ ಎಂದು ಹೇಳಿ ರೂಢಿಯಿರಲಿಲ್ಲ. "ನಾಳೆ ಮಸ್ಕಿಗೆ ಹೋಗೂದೈತಿ, ಲಗೂನ ಏಳು," ಎಂದರು. ಆ ಮಸ್ಕಿಯ ಶಿಬಿರದಲ್ಲಿ ಅವರು ಮೊದಲ ಸಲ ನೈಲಾನ್ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಪಟ ನಾನೇ ತೋರಿಸಬೇಕೆಂದರು. ಆ ವರ್ಷವೆಲ್ಲ ಅರ್ಧ ದಿನ ಅಪ್ಪನ ಅಂಗಡಿಯ ಎರಡನೆಯ ಸ್ಟೂಲು, ಅರ್ಧ ದಿನ ಹಳ್ಳಿಯ ಪಡಸಾಲೆ. ಮೂರನೆಯ ನೋಟುಬುಕ್ ಶುರುಮಾಡಿದೆ. ಅದರಲ್ಲಿ ಸಿನಿಮಾಗಳಲ್ಲಿ ಏನಿತ್ತು ಎಂದಷ್ಟೇ ಬರೆದೆ. ಬೇಗ ಬೇಸರ ಬರುವ ಕೆಲಸ. ಆದರೂ ಬರೆದೆ.

ಮುಂದಿನ ವರ್ಷ ಅದೇ ಸಂದರ್ಶನಕ್ಕೆ ಹೋದೆ. ಅದೇ ವಯಸ್ಸಾದ ಪರೀಕ್ಷಕರಿದ್ದರು. ಬೇರೆ ಸಿನಿಮಾ ತೋರಿಸಿದರು. ನಾನು ಕಂಡದ್ದನ್ನು ಹೇಳಿ, ಒಂದು ಕಡೆ ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದೆ. ತೋರಿಸಿದರು. ನನ್ನನ್ನು ತೆಗೆದುಕೊಂಡರು.

ಹೊರಡುವ ದಿನ ಅಕ್ಕೋರು ಕಿಟಕಿಯ ಬಳಿ ನಿಲ್ಲಿಸಿ ನನ್ನ ಎರಡೂ ರೆಪ್ಪೆ ಎತ್ತಿ ನೋಡಿದರು. "ಚಲೋ ಅದಾವ. ಹೋಗು," ಎಂದರು. ಅದೇ ನಾನು ಅವರನ್ನು ಕೊನೆಯದಾಗಿ ಕಂಡದ್ದು.

ಮೊದಲ ವರ್ಷದ ಚಳಿಗಾಲದಲ್ಲಿ ಅಮ್ಮ ಫೋನು ಮಾಡಿದಳು. ಅಕ್ಕೋರು ಲಿಂಗಸುಗೂರಿನ ತಮ್ಮನ ಮನೆಗೆ ಹೋದವರು, ಸ್ನಾನ ಮುಗಿಸಿ ಬಂದು ಕೂತಲ್ಲೇ ಹೋಗಿಬಿಟ್ಟರು. ಎದೆ ನಿಂತಿತಂತೆ. ರೈಲು, ಬಸ್ಸು ಹಿಡಿದು ನಾನು ಮುಟ್ಟುವ ಹೊತ್ತಿಗೆ ಮೂರು ದಿನವಾಗಿತ್ತು. ಮಣ್ಣು ಕೊಟ್ಟಾಗಿತ್ತು. ಮನೆಯ ಮುಂದೆ ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

ಅವರ ತಮ್ಮ ನನ್ನನ್ನು ಒಳಗೆ ಕರೆದು ಕೂರಿಸಿದರು. ನಾನು ಸಿಂಧನೂರಿನವನು, ಅಕ್ಕೋರು ನಮ್ಮ ಮಾಳಿಗೆ ಮೇಲೆ ಇದ್ದರು, ಅವರನ್ನು ಬೈಕಿನ ಮೇಲೆ ಕರೆದೊಯ್ಯುತ್ತಿದ್ದೆ, ಎಂದು ಪರಿಚಯ ಹೇಳಿಕೊಂಡೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಸಿನಿಮಾ ಅಳಿಸಿದ ಹುಡುಗ ನೀವ ಏನು?"

ತಲೆಯಾಡಿಸಿದೆ.

"ನಮ್ಮಕ್ಕ ನಿಮ್ಮ ಸುದ್ದಿ ಭಾಳ ಹೇಳ್ತಿದ್ಲು. ಮನಿಗೆ ಯಾರು ಬರ್ಲಿ, ನಮ್ಮ ಮನಿ ಹುಡುಗ ಒಬ್ಬಾಂವ ಅದಾನ, ತಾ ಮಾಡಿದ ಸಿನಿಮಾ ತಾನ ಅಳಿಸ್ಯಾನ ಅಂತ." ಒಳಗಿನಿಂದ ಚಾ ಬಂತು. ಅವರು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಏನ್ ಇತ್ರಿ ಆ ಸಿನಿಮಾದಾಗ?"

ಅಜ್ಜಿ ಆಗ ಇನ್ನೂ ಇದ್ದಳು. ಆ ಊರು ಅಲ್ಲಿಂದ ದೂರವೂ ಅಲ್ಲ.

"ಅದನ್ನ ಹೇಳಾಕ ಬರಂಗಿಲ್ರಿ," ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕನೂ ಹೇಳಲಿಲ್ಲ ನೋಡ್ರಿ," ಎಂದು ಚಾದ ಕಪ್ಪನ್ನು ನನ್ನ ಕಡೆ ಸರಿಸಿದರು.